ಅಕ್ಕ ಹಳದಿಗೆ ತಿರುಗಿದ ಮಳೆಗಾಲ

ಹುಣಸೂರು ದಾಟಿ ಪಿರಿಯಾಪಟ್ಟಣದ ಕಡೆಗೆ ಬಸ್ಸು ಹೊರಟಿತೆಂದರೆ, ಆಗಸ್ಟ್ ತಿಂಗಳಲ್ಲಿ ಕಿಟಕಿ ಮುಚ್ಚಿದ್ದರೂ ಆ ವಾಸನೆ ಒಳಗೆ ನುಗ್ಗುತ್ತದೆ. ಬ್ಯಾರನ್ನುಗಳಲ್ಲಿ, ಅಂದರೆ ಒಲೆಯ ಕಾವಿನಲ್ಲಿ ಸೊಪ್ಪು ಒಣಗಿಸುವ ಎತ್ತರದ ಮನೆಗಳಲ್ಲಿ, ಹೊಗೆಸೊಪ್ಪು ಹದವಾಗುವ ವಾಸನೆ. ಒಂದಿಷ್ಟು ಸಿಹಿ, ಒಂದಿಷ್ಟು ಘಾಟು. ಹೊಸಬರು ಮೂಗಿಗೆ ಕರ್ಚೀಫು ಹಿಡಿಯುತ್ತಾರೆ. ನನಗೋ ಅದು ಬಂದ ಕೂಡಲೇ ಹಸಿವಾಗುತ್ತದೆ. ಸಣ್ಣವಳಿದ್ದಾಗ ಬ್ಯಾರನ್ನಿನ ಒಲೆಯ ಬಾಯಲ್ಲಿ ಅಕ್ಕ ಗೆಣಸು ಸುಟ್ಟು ಕೊಡುತ್ತಿದ್ದಳು, ಅದರ ಪರಿಣಾಮ. ಹೋದ ವಾರವೂ ಹಾಗೇ ಹಸಿವಾಯಿತು. ಆದರೆ ಹಸಿವಿನ ಹಿಂದೆಯೇ ಆ ಒಂದು ಮಳೆಗಾಲವೂ ನೆನಪಾಯಿತು. ಚೀಲದಿಂದ ತೆಗೆದ ಬನ್ನನ್ನು ಮತ್ತೆ ಚೀಲಕ್ಕೇ ಹಾಕಿದೆ.

ಎರಡು ಸಾವಿರದ ಇಸವಿ ಬಂದು ಇನ್ನೂ ಹೆಚ್ಚು ವರ್ಷವಾಗಿರಲಿಲ್ಲ. ನಾನು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಸಂಶೋಧನಾ ಸಹಾಯಕಿ. ಹಾಗೆಂದರೆ ಊರಲ್ಲಿ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಇಲಿ ನೋಡಿಕೊಳ್ಳುತ್ತಾಳೆ ಎಂದರೆ ಅರ್ಥವಾಗುತ್ತಿತ್ತು. ಎಂ.ಎಸ್ಸಿ. ಓದಿ, ಬಂದ ಗಂಡುಗಳನ್ನೆಲ್ಲ ವಾಪಸು ಕಳಿಸಿ, ಕಡೆಗೆ ಇಲಿಗಳ ಪಾಲಾದವಳು ಎಂದು ನನ್ನ ಬಗ್ಗೆ ಮಾತಿತ್ತು. ಭಾವ ಸ್ವಾಮೀಗೌಡರಂತೂ ನಾನು ಬಂದಾಗಲೆಲ್ಲ, “ನಮ್ಮ ಅಟ್ಟದ ಮೇಲೂ ಅವೆ ಕಣಮ್ಮಿ. ಓಗೋವಾಗ ನಾಕು ಹಿಡ್ಕೊಂಡೋಗು, ಸಂಬ್ಳ ಜಾಸ್ತಿ ಮಾಡಿದ್ರೂ ಮಾಡ್ಬೋದು” ಎಂದು ಕಾಲೆಳೆಯುತ್ತಿದ್ದರು.

ಅಕ್ಕ ದೇವೀರಮ್ಮ ನನಗಿಂತ ಹದಿನೆಂಟು ವರ್ಷ ದೊಡ್ಡವಳು. ನಾನು ಮಾತು ಕಲಿಯುವ ಮೊದಲೇ ಅವ್ವ ತೀರಿಕೊಂಡದ್ದರಿಂದ, ಮದುವೆಯಾಗಿ ಗಂಡನ ಮನೆಗೆ ಬರುವಾಗ ಅಕ್ಕ ನನ್ನನ್ನೂ ಕಂಕುಳಲ್ಲಿ ಎತ್ತಿಕೊಂಡೇ ಬಂದಳಂತೆ. ಅವರಿಗೆ ಮಕ್ಕಳಾಗಲಿಲ್ಲ. ಮಗಳು, ತಂಗಿ, ನಾದಿನಿ, ತಲೆನೋವು ಎಲ್ಲವೂ ನಾನೊಬ್ಬಳೇ ಆಗಿ ಆ ಮನೆಯಲ್ಲಿ ಬೆಳೆದೆ.

ನಮ್ಮ ಪ್ರಯೋಗಾಲಯದಲ್ಲಿ ಇಲಿಗಳಿಗೆ ಪ್ರಿಯಾನ್ ಕಾಯಿಲೆ ಬರಿಸಿ ಅವುಗಳ ಮಿದುಳನ್ನು ನೋಡುತ್ತಿದ್ದೆವು. ಅದು ವಿಚಿತ್ರ ಕಾಯಿಲೆ. ಅದಕ್ಕೆ ಕ್ರಿಮಿಯಿಲ್ಲ, ಜ್ವರವಿಲ್ಲ. ಮಿದುಳಿನಲ್ಲಿ ಸಹಜವಾಗಿಯೇ ಇರುವ ಒಂದು ಪ್ರೋಟೀನು ಯಾವಾಗಲೋ ತಪ್ಪಾಗಿ ಮಡಚಿಕೊಳ್ಳುತ್ತದೆ. ಮಡಚಿಕೊಂಡದ್ದು ಸುಮ್ಮನಿರದೆ ಪಕ್ಕದ ಒಳ್ಳೆಯದನ್ನೂ ತನ್ನ ಹಾಗೇ ಮಡಚುತ್ತದೆ, ಅದು ಇನ್ನೊಂದನ್ನು. ನರಕೋಶಗಳು ಸಾಯುತ್ತಾ ಹೋಗಿ ಕಡೆಗೆ ಮಿದುಳು ತೂತು ತೂತಾಗುತ್ತದೆ. ಅದೇ ಜಾತಿಯ ಕಾಯಿಲೆ ಅಪರೂಪಕ್ಕೆ, ಲಕ್ಷಾಂತರ ಜನರಲ್ಲಿ ಒಬ್ಬರಿಗೆ, ಯಾವ ಕಾರಣವೂ ಇಲ್ಲದೆ ಬರುತ್ತದೆ ಎಂದು ಪುಸ್ತಕದಲ್ಲಿತ್ತು. ಆ ಸಾಲನ್ನು ನಾನು ಪರೀಕ್ಷೆಗೆ ಓದುವ ಹಾಗೆ ಓದಿದ್ದೆ.

ನನ್ನ ಕೆಲಸ ನರಕೋಶಗಳದ್ದಲ್ಲ, ಅವುಗಳ ಸುತ್ತ ಇರುವ ಜೀವಕೋಶಗಳದ್ದು. ಮಿದುಳಿನಲ್ಲಿ ನಕ್ಷತ್ರದ ಆಕಾರದ ಕೋಶಗಳಿವೆ. ನರಕೋಶಕ್ಕೆ ಊಟ ಒದಗಿಸುವುದು, ಅದರ ಆರೈಕೆ ಮಾಡುವುದು ಅವುಗಳ ಪಾಲು. ಇನ್ನೊಂದು ಜಾತಿಯವು ಕಾವಲು ಕೋಶಗಳು. ಎಲ್ಲಿ ಕಸ ಬಿದ್ದರೂ ಓಡಿ ಹೋಗಿ ನುಂಗುವಂಥವು. ಇಲಿ ಹೊರನೋಟಕ್ಕೆ ಗಟ್ಟಿಮುಟ್ಟಾಗಿ ಓಡಾಡುತ್ತಿರುವಾಗಲೇ ಒಳಗೆ ನಕ್ಷತ್ರ ಕೋಶಗಳು ಊದಿಕೊಂಡು ಕೈಕಾಲು ಚಾಚಲು ಶುರುಮಾಡುತ್ತವೆ. ಕಾವಲು ಕೋಶಗಳು ಗುಂಪುಗೂಡುತ್ತವೆ. ಕೆಟ್ಟ ಪ್ರೋಟೀನನ್ನು ನುಂಗಲು ನೋಡುತ್ತವೆ, ಅರಗಿಸಿಕೊಳ್ಳಲಾರವು. ಬಿಟ್ಟೂ ಹೋಗಲಾರವು. ಅಲ್ಲೇ ನಿಂತು ಕೆರಳಿ ಕೆರಳಿ, ಕಾಯಬೇಕಾದ ನರಕೋಶಕ್ಕೇ ಪೆಟ್ಟು ಮಾಡುತ್ತವೆ ಎಂದು ಕೆಲವರು. ಇಲ್ಲ, ಅವು ಇಲ್ಲದಿದ್ದರೆ ಇನ್ನೂ ಬೇಗ ಸಾಯುತ್ತಿತ್ತು ಎಂದು ಇನ್ನು ಕೆಲವರು. ಪ್ರಯೋಗಾಲಯದ ಮುಖ್ಯಸ್ಥೆ, ನಮ್ಮ ಮೇಡಂ, ಈ ಜಗಳದ ನಡುವೆ ಕೂತು ಹತ್ತು ವರ್ಷ ಕಳೆದಿದ್ದರು. ನಾನು ತೆಳ್ಳಗೆ ಕೊಯ್ದ ಮಿದುಳಿನ ಹಾಳೆಗೆ ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟು, ಊದಿದ ನಕ್ಷತ್ರಗಳನ್ನು ನೋಡುತ್ತಿದ್ದೆ.

ಇಲಿಗೆ ಕಾಯಿಲೆ ಏರಿದೆಯೋ ಇಲ್ಲವೋ ಎಂದು ತಿಳಿಯಲು ಒಂದು ಸುಲಭದ ಪರೀಕ್ಷೆ ಇತ್ತು. ಪಂಜರದೊಳಗೆ ಹತ್ತಿ ಇಟ್ಟು ಬರುವುದು. ಚೆನ್ನಾಗಿರುವ ಇಲಿ ಬೆಳಗಾಗುವುದರೊಳಗೆ ಹತ್ತಿಯನ್ನು ಚೂರು ಚೂರು ಮಾಡಿ ಬಟ್ಟಲಿನಂಥ ಗೂಡು ಕಟ್ಟಿರುತ್ತದೆ. ಕಾಯಿಲೆ ಹತ್ತಿದ ಇಲಿ ನಡಿಗೆ ತಪ್ಪುವುದಕ್ಕೆ ಎಷ್ಟೋ ಮೊದಲೇ ಗೂಡು ಕಟ್ಟುವುದನ್ನು ಬಿಡುತ್ತದೆ. ಹತ್ತಿಯ ಮೇಲೆ ಸುಮ್ಮನೆ ಕೂತಿರುತ್ತದೆ. ತಾನೇನೋ ಮಾಡಬೇಕಿತ್ತು, ಏನದು ಎನ್ನುವ ಹಾಗೆ.

ಆ ಜುಲೈಯಲ್ಲಿ ಮೊದಲ ಸೊಪ್ಪು ಕೀಳುವ ಹೊತ್ತಿಗೆ ರಜೆ ಹಾಕಿ ಊರಿಗೆ ಬಂದೆ. ಪ್ರತಿ ವರ್ಷ ಬರುತ್ತಿದ್ದೆ. ಹೊಲದಿಂದ ತಂದ ಹಸಿ ಸೊಪ್ಪನ್ನು ಚಪ್ಪರದಡಿ ಸುರಿದುಕೊಂಡು ಹೆಂಗಸರೆಲ್ಲ ಸುತ್ತ ಕೂತು ಕೋಲಿಗೆ ಕಟ್ಟುವುದು ನನಗೆ ಇಷ್ಟದ ಕೆಲಸ. ಎರಡು ಮೂರು ಎಲೆ ಸೇರಿಸಿ ದಾರದ ಒಂದು ಸುತ್ತು, ಒಂದು ಹಿಡಿ ಕೋಲಿನ ಈ ಕಡೆ, ಇನ್ನೊಂದು ಆ ಕಡೆ. ಊರ ಸುದ್ದಿಯೆಲ್ಲ ಅಲ್ಲೇ ಅರೆದು ಮುಗಿಯಬೇಕು. ಅಕ್ಕ ಕೈ ನೋಡದೆ ಕಟ್ಟುತ್ತಿದ್ದಳು. ಕಣ್ಣು ಬೀದಿಯ ಮೇಲೆ, ಬಾಯಿ ಮಾತಿನ ಮೇಲೆ, ಬೆರಳು ತಮ್ಮ ಪಾಡಿಗೆ ತಾವು.

ಅವತ್ತು ಅಕ್ಕ ಎಲ್ಲ ಹಿಡಿಗಳನ್ನೂ ಒಂದೇ ಕಡೆಗೆ ಕಟ್ಟಿದ್ದಳು. ಕೋಲು ಎತ್ತಿದ ಕೂಡಲೇ ಮಗುಚಿಕೊಂಡು ಸೊಪ್ಪೆಲ್ಲ ನೆಲದ ಪಾಲಾಯಿತು. ಹೆಂಗಸರು ನಕ್ಕರು. ಪಕ್ಕದ ಮನೆಯ ಸಾಕವ್ವ, “ತಂಗಿ ಬಂದವ್ಳೆ ಅಂತ ಮೈ ಮರ್ತವ್ಳೆ” ಎಂದಳು. ಅಕ್ಕನೂ ನಕ್ಕಳು. ಇನ್ನೊಂದು ಕೋಲು ತೆಗೆದುಕೊಂಡಳು. ಎಡಗೈಯಲ್ಲಿ ಎಲೆ, ಬಲಗೈಯಲ್ಲಿ ದಾರ ಹಿಡಿದು ಹಾಗೇ ಕೂತಳು. ದಾರವನ್ನು ನೋಡಿದಳು, ಎಲೆಯನ್ನು ನೋಡಿದಳು. ನಾನು ಅಕ್ಕನ ಮುಖ ನೋಡಿದೆ. ಆ ಕೂತ ರೀತಿ ನನಗೆ ಚೆನ್ನಾಗಿ ಗೊತ್ತಿದ್ದದ್ದು. ನನ್ನ ಕೈಯಲ್ಲಿದ್ದ ಕೋಲು ಕೆಳಗಿಟ್ಟೆ.

“ಏನಕ್ಕ?” ಎಂದೆ.

“ಇದ... ಇದ ಏನಂತಾರೆ ರತ್ನ?” ಎಂದು ದಾರ ತೋರಿಸಿದಳು.

ತಿಂಗಳಿಂದ ಹೀಗೇ ಎಂದು ಭಾವ ಆಮೇಲೆ ಹೇಳಿದರು. ಹೊಸ್ತಿಲು ದಾಟುವಾಗ ಎಡವುತ್ತಾಳೆ, ಗೋಡೆಯ ಮೇಲೆ ಯಾರೋ ಹೋದ ಹಾಗಾಯಿತು ಎನ್ನುತ್ತಾಳೆ, ಉಪ್ಪು ಹಾಕಿದ ಸಾರಿಗೆ ಮತ್ತೆ ಉಪ್ಪು ಹಾಕುತ್ತಾಳೆ. ಕನ್ನಡಕ ಬದಲಾಯಿಸಿದರೆ ಸರಿಹೋಗುತ್ತದೆಂದು ಮೈಸೂರಿಗೂ ಕರೆದುಕೊಂಡು ಹೋಗಿ ಬಂದಿದ್ದರು. ನನ್ನ ಅನುಮಾನ ನಾನು ಹೇಳಲಿಲ್ಲ. ಇಲಿ ನೋಡಿ ನೋಡಿ ನನಗೇ ತಲೆ ಕೆಟ್ಟಿದೆ, ಕಂಡವರಲ್ಲೆಲ್ಲ ಅದೇ ಕಾಣುತ್ತದೆ ಎಂದು ನನ್ನನ್ನು ನಾನೇ ಬೈದುಕೊಂಡೆ. ಆ ವಾರ ಮುಗಿಯುವಷ್ಟರಲ್ಲಿ ಪಕ್ಕದ ಮನೆಯ ಕುಕ್ಕರ್ ಕೂಗಿದರೆ ಅಕ್ಕನ ಮೈ ಬೆಚ್ಚಿ ಎಗರಿಬೀಳತೊಡಗಿತು. ಇನ್ನು ಬೈದುಕೊಳ್ಳುವುದಕ್ಕೂ ಏನೂ ಉಳಿಯಲಿಲ್ಲ.

ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ನರರೋಗದ ಡಾಕ್ಟರು ಅಕ್ಕನ ತಲೆಗೆ ತಂತಿ ಅಂಟಿಸಿ ಅಲೆಗಳನ್ನು ತೆಗೆಸಿದರು, ಸ್ಕ್ಯಾನ್ ಮಾಡಿಸಿದರು, ಬೆನ್ನಿನ ನೀರು ತೆಗೆದರು. ಆಮೇಲೆ ನನ್ನನ್ನು ಒಬ್ಬಳನ್ನೇ ಕರೆದು ಕಾಯಿಲೆಯ ಹೆಸರು ಹೇಳಿದರು, ನಾನು ಅಂದುಕೊಂಡದ್ದೇ. ನಾನು ತಲೆಯಾಡಿಸಿದೆ. ನನ್ನ ಕೆಲಸ ಏನೆಂದು ತಿಳಿದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಹಾಗಾದ್ರೆ ನಿಮಗೆ ನಾನೇನು ಹೇಳಲಿ ಅಮ್ಮ” ಎಂದರು. ತಿಂಗಳುಗಳ ಮಾತು, ವರ್ಷಗಳದ್ದಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಕನ್ನಡಕ ಮತ್ತೆ ಹಾಕಿಕೊಂಡು ಒಂದು ಮಾತು ಸೇರಿಸಿದರು. ಹಿಂದೆ ಮಲೇರಿಯಾಕ್ಕೆ ಕೊಡುತ್ತಿದ್ದ ಒಂದು ಹಳೆಯ ಮಾತ್ರೆಯನ್ನು ಹೊರದೇಶಗಳಲ್ಲಿ ಕೆಲವರು ಈ ರೋಗಿಗಳಿಗೆ ಕೊಟ್ಟು ನೋಡುತ್ತಿದ್ದಾರೆ. ಗುಣವಾಗುತ್ತದೆ ಎಂದು ಯಾರೂ ಹೇಳಿಲ್ಲ. ಬೇಕಿದ್ದರೆ ಬರೆದುಕೊಡುತ್ತೇನೆ ಎಂದರು.

ಆ ಮಾತ್ರೆ ನನಗೆ ಹೊಸದಾಗಿರಲಿಲ್ಲ. ಬಟ್ಟಲಿನಲ್ಲಿ ಬೆಳೆಸಿದ ಜೀವಕೋಶಗಳಲ್ಲಿ ಅದು ಕೆಟ್ಟ ಪ್ರೋಟೀನನ್ನು ತೊಳೆದು ಹಾಕುತ್ತದೆ ಎಂಬ ಸುದ್ದಿ ಬಂದ ಮೇಲೆ ನಮ್ಮ ಮೇಡಂ ಅದನ್ನು ಇಲಿಗಳಿಗೂ ಶುರುಮಾಡಿದ್ದರು. ಕೆಲವು ಪಂಜರಗಳಿಗೆ ಮದ್ದಿಲ್ಲ, ಕೆಲವಕ್ಕೆ ಮದ್ದು, ಇನ್ನು ಕೆಲವಕ್ಕೆ ಹೆಚ್ಚು ಮದ್ದು. ಇದನ್ನು ಭಾವನ ಮುಂದೆ ಹೇಳಬಾರದಿತ್ತೋ ಏನೋ. ಆಸ್ಪತ್ರೆಯ ಕಾರಿಡಾರಿನಲ್ಲಿ ಗೋಡೆಗೊರಗಿ ಕೂತಿದ್ದ ಅವರು ನಾನು ಹೇಳುವುದನ್ನೆಲ್ಲ ಕೇಳಿ ಒಂದೇ ಒಂದು ವಿಷಯ ಹಿಡಿದುಕೊಂಡರು.

“ಇಲಿಗೆ ಇದೇ ಕಾಯ್ಲೆ, ಇದೇ ಮಾತ್ರೆ?”

“ಹೂಂ ಭಾವ.”

“ಅವು ಎಂಗವೆ ಈಗ?”

“ಇನ್ನೂ ಗೊತ್ತಿಲ್ಲ. ಮಿದುಳು ನೋಡಬೇಕು.”

“ಅಂದ್ರೆ ಇನ್ನೂ ಸತ್ತಿಲ್ಲ.”

“ಸತ್ತಿಲ್ಲ.”

“ಅಷ್ಟ್ ಸಾಕು ಬುಡು” ಎಂದು ಎದ್ದು ಪಂಚೆ ಕೊಡವಿಕೊಂಡರು.

ಊರಿಗೆ ಬಂದೆವು. ನಾನು ರಜೆ ಮುಂದುವರಿಸಿದೆ. ಭಾವ ಮಾತ್ರೆಯನ್ನು ತಾವೇ ಅರೆದು ಜೇನುತುಪ್ಪದಲ್ಲಿ ಕಲಸಿ, ಅಕ್ಕನ ಗಲ್ಲ ಹಿಡಿದು ನೆಕ್ಕಿಸುತ್ತಿದ್ದರು. ಆ ಕೆಲಸ ನನಗೆ ಬಿಡಲಿಲ್ಲ. ಬ್ಯಾರನ್ನಿನಲ್ಲಿ ಬೆಂಕಿಯಿತ್ತು, ಹೊಲದಲ್ಲಿ ಕೀಳುವ ಸೊಪ್ಪಿತ್ತು. ಆಳುಗಳಿಗೆ ಒಪ್ಪಿಸಿ ಒಪ್ಪಿಸಿ ಬಂದು ಹೆಂಡತಿಯ ಪಕ್ಕ ಕೂರುತ್ತಿದ್ದರು.

ಕಾಯಿಲೆಯವರ ಮನೆಗೆ ನೋಡಿಕೊಂಡು ಹೋಗಲು ಬರದಿದ್ದರೆ ನಮ್ಮ ಕಡೆ ಜಗಳವಾಗುತ್ತದೆ. ಎಚ್.ಡಿ. ಕೋಟೆಯಿಂದ, ಕೆ.ಆರ್. ನಗರದಿಂದ ನೆಂಟರು ಬಂದರು. ಬನ್ನು, ಮೋಸಂಬಿ, ಎಳನೀರು ನಡುಮನೆಯಲ್ಲಿ ರಾಶಿಬಿದ್ದವು. ಒಬ್ಬರು ತಾಯತ ಕಟ್ಟಿದರು, ಇನ್ನೊಬ್ಬರು ಗುರುಪುರದ ಟಿಬೆಟಿನವರ ಹತ್ತಿರ ನಾಡಿ ಹಿಡಿದು ಹೇಳುವ ವೈದ್ಯರಿದ್ದಾರೆ ಎಂದರು. ಅಲ್ಲಿಗೂ ಹೋದೆವು. ಆ ಮುದುಕ ಎರಡು ಕೈಯ ನಾಡಿಯನ್ನೂ ಬಹಳ ಹೊತ್ತು ಹಿಡಿದಿದ್ದು, ದುಡ್ಡು ಬೇಡವೆಂದು ಕೈಯಾಡಿಸಿ ಕಳಿಸಿದ. ಬಂದವರೆಲ್ಲ ಅಕ್ಕನ ಮಂಚದ ಸುತ್ತ ನಿಂತು ಜೋರಾಗಿ, “ದೇವೀರವ್ವ, ನಾನ್ಯಾರು ಗೊತ್ತಾಯ್ತಾ?” ಎಂದು ಕೇಳುತ್ತಿದ್ದರು. ಒಂದೊಂದು ದನಿಗೂ ಅಕ್ಕನ ಮೈ ಎಗರುತ್ತಿತ್ತು. ಮೆಲ್ಲಗೆ ಮಾತಾಡಿ ಎಂದರೆ ಅವರಿಗೆ ಬೇಜಾರು. ಅವರನ್ನು ನೋಡುತ್ತಿದ್ದಾಗ ನನಗೆ ನಮ್ಮ ಗುಂಪುಗೂಡಿದ ಕಾವಲು ಕೋಶಗಳ ನೆನಪು. ಪ್ರೀತಿಯಿಂದಲೇ ಬಂದು ಮುತ್ತಿಕೊಳ್ಳುತ್ತಾರೆ, ಮಾಡಲು ಏನೂ ಇಲ್ಲ, ಬಿಟ್ಟು ಹೋಗಲು ಮನಸ್ಸಿಲ್ಲ, ನಿಂತಲ್ಲೇ ನೋವು ಮಾಡುತ್ತಾರೆ. ಅಷ್ಟು ವರ್ಷ ಆ ಕೋಶಗಳನ್ನು ಅಪರಾಧಿಗಳ ಹಾಗೆ ನೋಡಿದವಳಿಗೆ ಅವುಗಳ ಮೇಲೆ ಕನಿಕರ ಬಂತು. ನಾನೂ ಅದೇ ಗುಂಪಿನಲ್ಲಿ ಒಬ್ಬಳಾಗಿದ್ದೆ.

ಒಮ್ಮೆ ಅಕ್ಕನಿಗೆ ಗಂಜಿ ಕುಡಿಸುತ್ತಿದ್ದಾಗ ಸಾಕವ್ವ ಹತ್ತಿರ ಬಂದು, “ಇಲಿ ಮುಟ್ಟಿದ್ ಕೈಲಿ ತಿನ್ನಿಸ್ಬ್ಯಾಡ ಕಣವ್ವ, ಜನ ಏನೇನೋ ಅಂತಾವ್ರೆ” ಎಂದಳು. ಹಾಗೆ ಬರುವ ಕಾಯಿಲೆಯಲ್ಲ, ಇಲಿಗಳಿಗೆ ನಾವೇ ಬರಿಸಿದ್ದು, ಇದು ತಾನಾಗಿ ಬಂದದ್ದು ಎಂದು ಹೇಳಲು ಹೊರಟೆ. ಸಾಕವ್ವ ತಲೆಯಾಡಿಸಿ ಕೇಳಿದಳು. ಆಮೇಲೆ ನನ್ನ ಕೈಯಿಂದ ಮೆಲ್ಲಗೆ ಲೋಟ ತೆಗೆದುಕೊಂಡು ತಾನೇ ಕುಡಿಸಿದಳು. ಹಿತ್ತಲಿಗೆ ಹೋಗಿ ಅತ್ತೆ. ನನ್ನನ್ನು ಬೆಳೆಸಿದವಳಿಗೆ ಒಂದು ಲೋಟ ಗಂಜಿ ಕುಡಿಸಲೂ ನನಗೆ ಹಕ್ಕಿಲ್ಲದ ಹಾಗಾಯಿತಲ್ಲ ಎಂದು ಅತ್ತೆ.

ಆಗಸ್ಟ್ ಕೊನೆಯ ಹೊತ್ತಿಗೆ ಅಕ್ಕ ಹಳದಿಗೆ ತಿರುಗತೊಡಗಿದಳು. ಮೊದಲು ಅಂಗೈ, ಆಮೇಲೆ ಕುತ್ತಿಗೆ, ಕೆನ್ನೆ. ಒಂದು ಬೆಳಗ್ಗೆ ಭಾವ ಬ್ಯಾರನ್ನಿನಿಂದ ನೇರ ಬಂದವರು ಮಂಚದ ಬಳಿ ನಿಂತು, ಕಿಟಕಿ ತೆರೆದು ಬೆಳಕು ಬಿಟ್ಟು, ಅಕ್ಕನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಬ್ಯಾರನ್ನಿನ ಬಾಗಿಲಲ್ಲಿ ಒಂದು ಎಲೆ ಹಿಡಿದು ನೋಡುವುದೂ ಹೀಗೆಯೇ. ತಿಂಗಳುಗಳ ಮೇಲೆ ಅವರ ಮುಖ ಅರಳಿತ್ತು.

“ಬಣ್ಣ ಕಟ್ತಾ ಅದೆ ಕಣಮ್ಮಿ” ಎಂದರು.

ಹೊಗೆಸೊಪ್ಪು ಬೆಳೆಯದವರಿಗೆ ಈ ಮಾತು ಬಿಡಿಸಿ ಹೇಳಬೇಕು. ಬ್ಯಾರನ್ನಿಗೆ ಹಸಿ ಸೊಪ್ಪು ತುಂಬಿದ ಮೇಲೆ ಮೊದಲು ಸಣ್ಣ ಕಾವಿನಲ್ಲಿ ಇಡುತ್ತಾರೆ. ಹಸಿರು ಹೋಗಿ ಹಳದಿ ಬರುವ ತನಕ ಯಾರಿಗೂ ನೆಮ್ಮದಿಯಿಲ್ಲ. ಹಳದಿ ಬಂತೆಂದರೆ ಸೊಪ್ಪು ಗೆದ್ದ ಹಾಗೆ. ಅಲ್ಲಿಂದ ಕಾವು ಏರಿಸಬೇಕು. ತಡಮಾಡಿದರೆ ಬಂದ ಬಣ್ಣವೂ ಕಪ್ಪಿಟ್ಟು ಹಾಳಾಗುತ್ತದೆ. ಮೂವತ್ತು ವರ್ಷ ಆ ಬಣ್ಣವನ್ನೇ ಕಾದು ಬದುಕಿದ ಮನುಷ್ಯನಿಗೆ ಹೆಂಡತಿಯ ಮೈಮೇಲೆ ಅದೇ ಬಣ್ಣ ಕಂಡಿತು. ಔಷಧಿ ಹಿಡಿದಿದೆ ಎಂದೇ ಅವರು ನಂಬಿದರು.

ಆ ಮಾತ್ರೆಯ ಬಣ್ಣವೇ ಹಳದಿ. ಮೈಯಲ್ಲಿ ಸೇರಿ ಚರ್ಮಕ್ಕೆ ಇಳಿಯುತ್ತದೆ, ಅಷ್ಟೇ. ನಮ್ಮ ಬಿಳಿ ಇಲಿಗಳ ಕಿವಿ, ಬಾಲ ಎಲ್ಲ ಹಳದಿಯಾಗಿದ್ದವು. ಹೇಳಿದೆ. ಮುಚ್ಚಿಡದೆ ಎಲ್ಲ ಹೇಳಿದೆ.

“ಇದು ಮಾತ್ರೆ ಬಣ್ಣ ಭಾವ. ಗುಣ ಆಗೋ ಗುರುತಲ್ಲ. ನಮ್ಮಲ್ಲಿ ಹಳದಿ ಆದ ಇಲಿಗಳೂ ಗೂಡು ಕಟ್ಟೋದು ಬಿಟ್ಟಿವೆ.”

“ನಿಮ್ಮ ಇಲಿ ಪಕ್ಕ ಯಾರ್ ಕುಂತಿದ್ರು?” ಎಂದು ಕೇಳಿದರು. ಸಿಟ್ಟಿನಿಂದಲ್ಲ. ನಿಜಕ್ಕೂ ತಿಳಿಯಬೇಕೆಂದು ಕೇಳಿದರು. “ಒತ್ತೊತ್ತಿಗೆ ನೋಡ್ದೆ ಬುಟ್ರೆ ಯಾವ್ ಸೊಪ್ಪೂ ಬರಾಕಿಲ್ಲ. ಈಗ ಮಾತ್ರೆ ಜಾಸ್ತಿ ಮಾಡ್ಬೇಕು. ಡಾಕ್ಟ್ರನ್ನ ಕೇಳು. ಕಾವು ಏರಿಸೋ ಟೈಮು ಇದು.”

ಫೋನಿನಲ್ಲಿ ಡಾಕ್ಟರನ್ನು ಕೇಳಿದೆ. ಹೆಚ್ಚು ಕೊಟ್ಟರೆ ಪಿತ್ತಜನಕಾಂಗ ತಡೆಯುವುದಿಲ್ಲ, ಖಂಡಿತ ಬೇಡ ಎಂದರು. ಭಾವ ಡಾಕ್ಟರ ಮಾತು ಮೀರಲಿಲ್ಲ. ಹೇಳಿದಷ್ಟೇ ಕೊಟ್ಟರು. ಆದರೆ ದಿನಾ ಬೆಳಕಿಗೆ ಹಿಡಿದು ಆ ಕೈ ನೋಡುವಾಗ, ತುಂಬಿದ ಬ್ಯಾರನ್ನನ್ನು ಬೆಂಕಿಯಿಲ್ಲದೆ ಬಿಟ್ಟು ಬಂದವರ ತಳಮಳ ಅವರಲ್ಲಿ ಕಾಣುತ್ತಿತ್ತು. ಅಷ್ಟರಲ್ಲಿ ಅಕ್ಕನ ಮಾತು ನಿಂತಿತ್ತು. ಕಣ್ಣು ತೆರೆದಿದ್ದರೂ ಯಾರ ಮೇಲೂ ನಿಲ್ಲುತ್ತಿರಲಿಲ್ಲ. ಹೊರಗೆ ಜಡಿಮಳೆ ಹಿಡಿದಿತ್ತು, ಸೌದೆಯೆಲ್ಲ ಒದ್ದೆ, ಬ್ಯಾರನ್ನಿನ ಹೊಗೆ ಮೇಲೆ ಹೋಗದೆ ಅಂಗಳದಲ್ಲೇ ಸುತ್ತುತ್ತಿತ್ತು.

ಸೆಪ್ಟೆಂಬರಿನಲ್ಲಿ ಮೇಡಂ ಕರೆಸಿಕೊಂಡರು. ಇಲಿಗಳ ಸರದಿ ಮುಗಿದಿತ್ತು. ಸ್ಲೈಡುಗಳು ತಯಾರಾಗಿದ್ದವು. ಯಾವ ಸ್ಲೈಡು ಯಾವ ಪಂಜರದ್ದೆಂದು ನೋಡುವವರಿಗೆ ತಿಳಿಯಬಾರದು, ಅದು ನಮ್ಮ ಪದ್ಧತಿ. ನಾನು ಒಂದೊಂದನ್ನೇ ಇಟ್ಟು ನೋಡಿದೆ. ಯಾವುದಾದರೂ ಒಂದರಲ್ಲಿ ನಕ್ಷತ್ರಗಳು ಸಣ್ಣಗಿರಲಿ, ಯಾವುದಾದರೂ ಒಂದರಲ್ಲಿ ತೂತು ಕಡಿಮೆ ಇರಲಿ ಎಂದು ದೇವರನ್ನು ಬೇಡಿಕೊಂಡು ಸೂಕ್ಷ್ಮದರ್ಶಕ ನೋಡಿದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ. ಎಲ್ಲವೂ ಒಂದೇ ಥರ ಇದ್ದವು. ಮೇಡಂ ಪಂಜರಗಳ ಗುರುತು ಬಿಚ್ಚಿದರು. ಮದ್ದಿಲ್ಲದ್ದು, ಮದ್ದಿನದ್ದು, ಹೆಚ್ಚು ಮದ್ದಿನದ್ದು, ಬೇರೆ ಬೇರೆ ಎಂದು ಹೇಳಲು ಸಾಧ್ಯವೇ ಇರಲಿಲ್ಲ. ಇಲಿಗಳು ಸತ್ತದ್ದೂ ಹೆಚ್ಚುಕಡಿಮೆ ಒಂದೇ ಸಮಯಕ್ಕೆ.

ಮೇಡಂಗೆ ಅಕ್ಕನ ವಿಷಯ ಗೊತ್ತಿತ್ತು. ಚಹಾ ತರಿಸಿದರು. “ನೀನು ಈಗಲೇ ಊರಿಗೆ ಹೋಗು ರತ್ನ, ಇಲ್ಲಿ ಇನ್ನೇನೂ ಕೆಲಸ ಇಲ್ಲ” ಎಂದರು.

ನಾನು ಬರುವಷ್ಟರಲ್ಲಿ ಅಕ್ಕನಿಗೆ ನುಂಗಲು ಆಗುತ್ತಿರಲಿಲ್ಲ. ಭಾವ ಮಾತ್ರೆಯ ಜೇನನ್ನು ಬೆರಳಿನಿಂದ ತುಟಿಗೆ ಸವರುತ್ತಿದ್ದರು. ಇಲಿಗಳ ಸುದ್ದಿ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ನನ್ನ ಮುಖ ನೋಡಿಯೇ ತಿಳಿದುಕೊಂಡಿರಬೇಕು, ಅಥವಾ ತಿಳಿಯುವುದು ಅವರಿಗೆ ಬೇಕಿರಲಿಲ್ಲ. ಮಳೆ ಬಿಟ್ಟು ಬಿಸಿಲು ಬಿದ್ದ ಒಂದು ಮಧ್ಯಾಹ್ನ ಅಕ್ಕ ಹೋದಳು. ಮುತ್ತೈದೆಯಾಗಿ ಹೋದವಳೆಂದು ಹೆಂಗಸರು ಅರಿಶಿನ ಹಚ್ಚಿ ಮೀಯಿಸಿದರು. ಅರಿಶಿನದ ಬಟ್ಟಲು ಹಿಡಿದ ಸಾಕವ್ವ, “ಏನ್ ಹಚ್ಚನವ್ವ ಇವ್ಳಿಗೆ, ಹಚ್ಕಂಡೇ ಹೊಂಟವ್ಳೆ” ಎಂದು ಗೊಳೋ ಎಂದು ಅತ್ತಳು.

ತಿಥಿ ಮುಗಿದು ನೆಂಟರೆಲ್ಲ ಹೋದ ಮೇಲೆ ಭಾವ ಜಗಲಿಯಲ್ಲಿ ನನ್ನನ್ನು ಕೂರಿಸಿಕೊಂಡರು.

“ಬಣ್ಣ ಅಷ್ಟ್ ಚೆಂದಾಗ್ ಬಂದಿತ್ತು” ಎಂದರು. “ನಾವು ಕಾವು ಏರಿಸ್ಲಿಲ್ಲ. ಅಲ್ಲೇ ಕಳ್ಕೊಂಡೊ. ನಾನಾದ್ರೂ ಹಟ ಮಾಡಿ ಕೊಡ್ಬೇಕಿತ್ತು. ನಿಂದೇನೂ ತಪ್ಪಿಲ್ಲ ಬುಡು, ನೀನು ಓದ್ದೋಳು, ಡಾಕ್ಟ್ರು ಹೇಳ್ದಂಗೆ ಹೇಳ್ದೆ. ನಂಗೆ ಗೊತ್ತಿತ್ತಲ್ಲ.”

ಪ್ರೋಟೀನು, ನಕ್ಷತ್ರ ಕೋಶ, ಕಾವಲು ಕೋಶ, ತೂತು, ಎಲ್ಲವನ್ನೂ ಹೇಳಿದೆ. ಯಾರು ಏನು ಮಾಡಿದ್ದರೂ ಇಷ್ಟೇ ಆಗುತ್ತಿತ್ತು ಎಂದು ಮತ್ತೆ ಮತ್ತೆ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು. ಒಂದು ಮಾತೂ ಅವರಿಗೆ ತಾಗಲಿಲ್ಲ.

“ಇಲಿ ಎಂಗಾದೊ?” ಎಂದು ಕಡೆಗೆ ಕೇಳಿದರು.

“ಸತ್ತವು ಭಾವ.”

“ಮಾತ್ರೆ ತಿಂದೋವು?”

“ಅವೂ ಸತ್ತವು.”

“ಜಾಸ್ತಿ ಮಾತ್ರೆ ಕೊಟ್ಟಿದ್ದೆ ಅಂದ್ಯಲ್ಲ, ಅವು?”

“ಅವೂ ಅಷ್ಟೇ. ಒಂದು ಹೊತ್ತೂ ತಪ್ಪಿಸದೆ ಕೊಟ್ಟಿದ್ದೆವು.”

“ಒಂದೂ ಉಳೀಲಿಲ್ವಾ?”

“ಒಂದೂ ಉಳೀಲಿಲ್ಲ.”

“ಅಂಗಾದ್ರೆ ಕಾವು ಏರಿಸಿದ್ರೂ ಅಷ್ಟೇಯ” ಎಂದರು. ಅವರ ಹೆಗಲ ಬಿಗಿ ಸ್ವಲ್ಪ ಸಡಿಲಿತು. ಉಸಿರು ಬಿಟ್ಟು, ಟವಲಿನಿಂದ ಮುಖ ಒರೆಸಿಕೊಂಡು, ದನಕ್ಕೆ ಹುಲ್ಲು ಹಾಕಲು ಎದ್ದು ಹೋದರು.

ಈಗ ಅವರಿಗೆ ಎಪ್ಪತ್ತು ದಾಟಿದೆ. ಹೊಗೆಸೊಪ್ಪು ಬಿಟ್ಟು ಜೋಳ, ಶುಂಠಿ ಹಾಕುತ್ತಾರೆ. ನಾನು ಹೋದಾಗಲೆಲ್ಲ ಉಂಡು ಕೈತೊಳೆದು ಕೂತ ಮೇಲೆ, ಬೇರೆ ಮಾತಿನ ನಡುವೆ, ಈಗಷ್ಟೇ ನೆನಪಾದವರ ಹಾಗೆ ಕೇಳುತ್ತಾರೆ. ಹೋದ ವಾರವೂ ಕೇಳಿದರು.

“ರತ್ನ, ಆ ಜಾಸ್ತಿ ಮಾತ್ರೆ ಕೊಟ್ಟಿದ್ ಇಲಿ, ಅವೂ ಸತ್ತೋದ್ವು ಅಂದಿದ್ದೆ ಅಲ್ವಾ?”

“ಎಲ್ಲ ಸತ್ತವು ಭಾವ” ಎಂದೆ. “ಒಂದೂ ಉಳೀಲಿಲ್ಲ.”